ಸ್ಕ್ಯಾನ್ ಮುಗಿಯುವ ಮುಂಚೆ

ಮಾರ್ಚ್ 4, ಸೋಮವಾರ

ಮೂರನೆಯ ಕೇಕು ಓವನ್ನಿನಿಂದ ಇಳಿಸಿದೆ. ಗಿರಾಕಿ ಕಳಿಸಿದ ಚಿತ್ರ ನೋಡೋಣವೆಂದು ಕಂಪ್ಯೂಟರ್ ಹಾಕಿದರೆ, ಕ್ಯಾಮೆರಾದ ಮೇಲೆ ಗಾಯಕ್ಕೆ ಹಾಕುವ ಪಟ್ಟಿ. ಗಂಡ ಇಸಬೆಲಿನೊ ಅಂಟಿಸಿದ್ದಂತೆ.

"ಊರಲ್ಲೆಲ್ಲ ವೈರಸ್ಸಂತೆ, ದೆಲ್ಮಿ. ಒಳ್ಳೇ ಆಂಟಿವೈರಸ್ ಹಾಕಿಸ್ಬೇಕು."

ಮದುವೆಯಾಗಿ ಮೂವತ್ತೊಂದು ವರ್ಷ. ಗೇಟಿಗೆ ಅಗುಳಿ ಹಾಕಲು ಮರೆಯುವವನು. ಇವನಿಗೆ ಇದೇನು ಹೊಸ ಕಾವಲಿನ ಹುಚ್ಚು?

ಮಾರ್ಚ್ 6

ಮೂಲೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯಾಕೆ ಫಬಿಯೋಲಾ ತಣ್ಣನೆಯ ತೆರೆರೆ ಕಷಾಯ ಹೀರುತ್ತಾ ಕೂತಿದ್ದಳು.

"ಎಲ್ಲಕ್ಕಿಂತ ದುಬಾರಿ ಆಂಟಿವೈರಸ್ ಯಾವ್ದು?" ಎಂದ ಇವನು.

"ದುಬಾರಿದ್ಯಾಕೆ ಅಣ್ಣ? ಕಂಪ್ಯೂಟರ್ ಜೊತೆ ಬಂದಿರೋದೇ ಸಾಕು. ಅಕ್ಕ ಅದ್ರಲ್ಲಿ ಕೇಕಿನ ಆರ್ಡರ್ ತಾನೇ ತಗೊಳ್ಳೋದು? ಏನು, ಬ್ಯಾಂಕ್ ಬಚ್ಚಿಟ್ಟಿದೀರಾ ಒಳಗೆ?"

ನಾನು ನಕ್ಕೆ. ಇವನು ನಗಲಿಲ್ಲ. "ಕ್ಯಾಮೆರಾದಿಂದ ಯಾರಾದ್ರೂ ನೋಡಿದ್ರೆ ಅದು ಹಿಡಿಯುತ್ತಾ? ಮೊದ್ಲೇ ನೋಡಿಬಿಟ್ಟಿದ್ರೆ?"

"ಹಿಡಿಯೋದು ಹಿಡಿಯುತ್ತೆ. ಆದ್ರೆ ಎರಡೆರಡು ಹಾಕ್ಬೇಡಿ, ಅಣ್ಣ. ಒಂದೇ ಒಲೆಗೆ ಇಬ್ಬರು ಅತ್ತೆಯರು ನಿಂತ ಹಾಗಾಗುತ್ತೆ."



ಮಾರ್ಚ್ 9

ಹಾಕಿಯೇಬಿಟ್ಟಿದ್ದಾನೆ ಎರಡನ್ನು. ಎಲ್ಲಿಂದಲೋ ಇಳಿಸಿಕೊಂಡನಂತೆ. ಕಂಪ್ಯೂಟರ್ ಅಲುಗಾಡುವುದಿಲ್ಲ. ಮದುವೆ ಕೇಕಿನ ಚಿತ್ರ ತೆರೆಯುತ್ತಿಲ್ಲ, ಕೇಕು ನಾಳೆಗೆ ಬೇಕು. ಕೇಳಿದ್ದಕ್ಕೆ ಕೂಗಾಡಿದ — ಇಷ್ಟು ವರ್ಷದಲ್ಲಿ ಮೊದಲ ಸಲ. ನನ್ನ ಫೋನು ಸದ್ದು ಮಾಡಿದರೆ ನನಗಿಂತ ಮೊದಲು ಅವನ ಕೈ.

ಹೆಣ್ಣು. ಇನ್ನೇನಿರುತ್ತದೆ? ಗುರುವಾರ ನಾನು ಚರ್ಚಿನಲ್ಲಿ ಹಾಡಲು ಹೋದಾಗ ಇವನೊಬ್ಬನೇ ಮನೆಯಲ್ಲಿ...

ಮಾರ್ಚ್ 10, ಭಾನುವಾರ

ಫಬಿಯೋಲಾ ಬಂದಳು. ಎರಡನ್ನೂ ಕಿತ್ತುಹಾಕಿ ಒಂದನ್ನು ಕೂರಿಸಿದಳು. ಸ್ಕ್ಯಾನ್ ಶುರು ಮಾಡಿ, "ಮುಗಿಯೋವರೆಗೂ ಆಫ್ ಮಾಡ್ಬೇಡಿ, ಆಮೇಲೆ ಬರ್ತೀನಿ" ಎಂದು ಹೋದಳು.

ಅವನು ಪರದೆಯ ಮುಂದೆ ಕೂತ. ಹಸಿರು ಗೆರೆ ತೆವಳುತ್ತಿತ್ತು. ನಾನು ಮದುವೆ ಕೇಕಿಗೆ ಕೆನೆ ಬಳಿಯುತ್ತಿದ್ದೆ. ಗೆರೆ ಅರ್ಧಕ್ಕೆ ಬಂದಿತ್ತೇನೋ.

"ದೆಲ್ಮಿ. ಇಲ್ಲಿ ಕೂತ್ಕೊ."

"ಕೈ ತುಂಬ ಕೆನೆ."

"ಇರ್ಲಿ. ಕೂತ್ಕೊ."

ಯಾರೋ ಅವನಿಗೆ ಮೇಲ್ ಕಳಿಸಿದ್ದಾರೆ. ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗಿದೆ, ಹಣ ಕೊಡದಿದ್ದರೆ ಹೆಂಡತಿಗೂ ನೆಂಟರಿಗೂ ಕಳಿಸುತ್ತೇವೆ ಎಂದು. ಇವನ ಹಳೆಯ ಪಾಸ್‌ವರ್ಡನ್ನೂ ಬರೆದಿದ್ದಾರೆ.

"ಏನು ರೆಕಾರ್ಡ್ ಆಗಿದೆ?"

"ಮಗಳು." ನೆಲ ನೋಡುತ್ತಾ ಹೇಳಿದ. "ನನಗೊಬ್ಬಳು ಮಗಳಿದಾಳೆ. ನಿಮಿಯಾ. ಹೊಳೆಯಾಚೆ, ಪೊಸಾದಾಸ್‌ನಲ್ಲಿ. ಇಪ್ಪತ್ತಾರು ವರ್ಷ. ಗುರುವಾರ ಗುರುವಾರ ಮಾತಾಡ್ತೀನಿ. ಬೇರೆಯವರಿಂದ ನಿಂಗೆ ಗೊತ್ತಾಗಬಾರ್ದು ಅಂತ..."

ಇಪ್ಪತ್ತಾರು. ಮಗುವಿಗಾಗಿ ನಾನು ಕಾಕುಪೆಯ ಚರ್ಚಿನ ಮಾತೆಗೆ ಹರಕೆ ಹೊತ್ತು ಬರಿಗಾಲಲ್ಲಿ ನಡೆಯುತ್ತಿದ್ದ ವರ್ಷಗಳವು. ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಡೆದವನು ಇವನು.

ಅಳಲಿಲ್ಲ. ಎದ್ದು ಕೇಕು ಮುಗಿಸಿದೆ. ಮದುವೆಯವರು ಬಂದು ಒಯ್ದರು.

ಅದೇ ದಿನ, ಸಂಜೆ

ಸ್ಕ್ಯಾನ್ ಮುಗಿಯಿತು. ಏನೂ ಸಿಕ್ಕಲಿಲ್ಲ. ಫಬಿಯೋಲಾ ಮೇಲ್ ಓದಿ ಕಿಸಕ್ಕನೆ ನಕ್ಕಳು.

"ಇದಾ? ಅಯ್ಯೋ ಅಣ್ಣ, ಇದೇ ಕಾಗದ ನಮ್ಮ ಪಾದ್ರಿಗೂ ಬಂದಿದೆ! ಹಳೇ ಪಾಸ್‌ವರ್ಡ್ ಎಲ್ಲೋ ಕದ್ದು ಲೋಕಕ್ಕೆಲ್ಲ ಹಂಚ್ತಾರೆ. ಯಾರೂ ಏನೂ ನೋಡಿಲ್ಲ. ಆರಾಮಾಗಿರಿ."

ಅವಳು ಹೋದಳು. ಇವನು ಕಂಪ್ಯೂಟರ್ ಆಫ್ ಮಾಡಿದ. ಆಮೇಲೆ, ತನಗೆ ತಾನೇ ಎಂಬಂತೆ —

"ಹಾಗಾದ್ರೆ... ಹೇಳ್ದೇ ಇದ್ದಿದ್ರೂ ನಡೀತಿತ್ತು."

ಮಗಳ ವಿಷಯ ತಡೆದುಕೊಂಡಿದ್ದೆ. ಈ ಮಾತು ತಡೆಯಲಾಗಲಿಲ್ಲ. ಕೆನೆಯ ಬಟ್ಟಲು ಗೋಡೆಗೆ ಎಸೆದೆ.

ಮಾರ್ಚ್ 17

ಅವನು ಹಜಾರದಲ್ಲಿ ಮಲಗುತ್ತಾನೆ. ಗೋಡೆ ತೊಳೆದಿದ್ದಾನೆ. ಕಲೆ ಹೋಗಿಲ್ಲ.

ಮಾರ್ಚ್ 21, ಗುರುವಾರ

ಹಾಡಲು ಹೋಗಲಿಲ್ಲ. ಬಟ್ಟೆ ಬದಲಿಸಿ, ಚೀಲ ಹಿಡಿದು, ಬಾಗಿಲವರೆಗೆ ಹೋಗಿ ವಾಪಸು ಬಂದೆ. ಅವನು ಹೊಳೆ ದಂಡೆಗೆ ಹೋಗಿದ್ದ. ಕಂಪ್ಯೂಟರ್ ರಿಂಗಾಯಿತು. ನಿಮಿಯಾ.

ಎತ್ತಲು ಹೋದರೆ ಹೊಸ ಆಂಟಿವೈರಸ್ ಅಡ್ಡ ಬಂತು. 'ಕ್ಯಾಮೆರಾ ಬಳಸಲು ಬಿಡಲೇ?' ಎಂದು ಕೇಳಿತು, ಕೆಳಗೆ ಮೂರು ಗುಂಡಿ: ಬೇಡ. ಯಾವಾಗಲೂ. ಈ ಸಲ ಮಾತ್ರ.

'ಬೇಡ'ದ ಮೇಲೇ ಬೆರಳಿತ್ತು. ಅವಳು ರಿಂಗ್ ನಿಲ್ಲಿಸಲಿಲ್ಲ. ಕ್ಯಾಮೆರಾದ ಪಟ್ಟಿ ಕಿತ್ತು 'ಈ ಸಲ ಮಾತ್ರ' ಒತ್ತಿದೆ.

ಅವನದೇ ಹುಬ್ಬು. ತೋಳಲ್ಲಿ ನಿದ್ದೆ ಹೋದ ಕೂಸು. ಕೂಸಿನ ವಿಷಯ ಅವನು ಹೇಳಿರಲಿಲ್ಲ.

ನನ್ನನ್ನು ನೋಡಿ ಅವಳ ಬಣ್ಣ ಇಳಿಯಿತು. "ಅಪ್ಪನಿಗೆ ಏನಾದ್ರೂ ಆಯ್ತಾ?"

"ಇಲ್ಲಮ್ಮ. ಚೆನ್ನಾಗಿದಾನೆ."

"ನೀವು ದೆಲ್ಮಿರಾ." ಕೇಳಿದ್ದಲ್ಲ, ಹೇಳಿದ್ದು. "ಬೈಯೋದಿದ್ರೆ ಬೈರಿ. ಇವನು ಏಳದ ಹಾಗೆ ಮೆಲ್ಲಗೆ ಬೈರಿ, ಅಷ್ಟೇ."

ಬೈಯಲು ಏನೇನೋ ಜೋಡಿಸಿಟ್ಟುಕೊಂಡಿದ್ದೆ. ಆದರೆ ಕೂಸಿನ ಹೆಸರು ಕೇಳಿದೆ. ಅವಳು ಹೇಳಿದಳು. ಹೇಳಿ ಅತ್ತಳು. ಆಮೇಲೆ ನಾನೂ —

ಗೇಟು ಸದ್ದಾಯಿತು. ಬಂದ. ಅವಳ ಕರೆ ಇನ್ನೂ ಕಡಿದಿಲ್ಲ, ಕೂಸನ್ನು ಮಲಗಿಸಿ ಬರುತ್ತೇನೆ ಎಂದು ಎದ್ದಿದ್ದಾಳೆ; ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಇವನಿಗೆ ಕುರ್ಚಿ ಬಿಟ್ಟುಕೊಡಲೇ, ಇಲ್ಲೇ ಕೂರಲೇ... ಚಪ್ಪಲಿ ಬಿಡುತ್ತಿದ್ದಾನೆ. ಇನ್ನೊಂದು ಕುರ್ಚಿ ತರುತ್ತೇನೆ.