ಮೇಲಿನಿಂದ ನೋಡಿದರೆ ಉಂಗುರ

ಮಾರ್ಚ್ ೯, ಗುರುವಾರ
ಪ್ರಯೋಗಾಲಯ, ಮಧ್ಯಾಹ್ನ

ನನ್ನ ಬಂಗಾರಿಗೆ,

ಚೆನ್ನಾಗಿದ್ದೀಯಾ? ನಾನು ಕಲ್ಲುಗುಂಡಿನ ಹಾಗಿದ್ದೇನೆ. ನಿನ್ನಪ್ಪ ಮಂಡಿನೋವನ್ನು ಮನೆಯ ಮೂರನೆಯ ಸದಸ್ಯನಂತೆ ಸಾಕಿಕೊಂಡಿದ್ದಾರೆ. ಆ ವಿಜ್ಞಾನಿಗಳ ಸಭೆ ಮುಗಿದು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲವೆಂದು ಬೈಯಬೇಡ. ಪುರಾವೆ ಕೈಯಲ್ಲಿಲ್ಲದೆ ರಂಗಕ್ಕೆ ಬರುವವಳಲ್ಲ ನಾನು. ಈಗ ಬಂದಿದ್ದೇನೆ. ಬಾರಿಸಲಿ ಗಂಟೆ!

ಸಭೆಯಲ್ಲಿ ನೀನು ಹೇಳಿದ್ದೇನು? ಹಸಿವಿಗೆ ಸಿಕ್ಕ ಯೀಸ್ಟ್ ಕೋಶ ತನ್ನ ವರ್ಣತಂತುಗಳನ್ನು ಎರಡು ಸಲ ಬೇರ್ಪಡಿಸಿ ನಾಲ್ಕು ಪಾಲು ಮಾಡುತ್ತದೆ. ಒಂದೊಂದು ಪಾಲಿನ ಸುತ್ತ ಒಂದೊಂದು ಪೊರೆ ಚೀಲದಂತೆ ಬೆಳೆದು, ಕೊನೆಗೆ ಬಾಯಿ ಮುಚ್ಚಿ ಬೀಜಕವಾಗುತ್ತದೆ. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಆದರೆ ಒಂದು ಪ್ರೋಟೀನನ್ನು ತೆಗೆದುಹಾಕಿದ ನಿನ್ನ ತಳಿಯಲ್ಲಿ, ಎರಡನೆಯ ಬೇರ್ಪಡಿಕೆ ಮುಗಿಯುವ ಮೊದಲೇ ಚೀಲದ ಬಾಯಿ ಮುಚ್ಚುತ್ತದೆ ಎಂದೆ. ಅಂದರೆ, ರಾಜ ಇನ್ನೂ ಸಾಯುತ್ತಿರುವಾಗಲೇ ಪರದೆಯವನು ಹಗ್ಗ ಬಿಟ್ಟ. ರಾಜನ ಕಾಲು ಒಳಗೆ, ಕಿರೀಟ ಹೊರಗೆ! ಅಂಥ ನಾಟಕ ನಾನು ನೋಡಿದ್ದೇನೆ, ಕಂದಾ. ಯೀಸ್ಟ್ ಅಷ್ಟು ಪೆದ್ದಲ್ಲ.

ನೀನು ಎಲ್ಲರಿಗೂ ಕಳಿಸಿದಂತೆ ನಮಗೂ ಕಳಿಸಿದ ತಳಿಯನ್ನು ಬೆಳೆಸಿ, ಉಪವಾಸ ಕೆಡವಿ, ನನ್ನ ವಿದ್ಯಾರ್ಥಿನಿಯನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಮಾತು ನಿಲ್ಲದ ಹುಡುಗಿ, ಎಲ್ಲರೂ ಗಿಳಿ ಎನ್ನುತ್ತಾರೆ. ಮೊದಲು ಕಂಡದ್ದು ನಿನ್ನ ಚಿತ್ರವೇ: ಪೊರೆಯ ಹೊಳೆಯುವ ಪೂರ್ಣ ಉಂಗುರ, ಒಳಗೆ ಇನ್ನೂ ಬೇರೆಯಾಗುತ್ತಿರುವ ವರ್ಣತಂತುಗಳು. ನಾನೇ ಸೋತೆನೇನೋ ಎಂದುಕೊಂಡೆ. ಆಮೇಲೆ ಗಿಳಿ ಫೋಕಸ್ ತಿರುಪನ್ನು ಮೇಲೆ ಕೆಳಗೆ ಆಡಿಸಿದಳು.

“ಮೇಡಂ, ಬಾಯಿ ಮುಚ್ಚಿಲ್ಲ!”

“ಯಾರಿಗೆ ಹೇಳ್ತಿದೀಯೇ?”

“ಅಯ್ಯೋ, ನಿಮ್ದಲ್ಲ ಮೇಡಂ, ಚೀಲದ್ದು! ನೆಟ್ಟಗೆ ನಿಂತಿದೆ ಅದು. ನಾವು ನೆತ್ತಿ ಮೇಲಿಂದ ಇಣುಕ್ತಾ ಇದೀವಿ.”

ಇಷ್ಟೇ ಕಥೆ! ತೆರೆದ ಲೋಟವೂ ಮೇಲಿನಿಂದ ನೋಡಿದರೆ ಉಂಗುರವೇ. ನೀನು ಒಂದೇ ಪದರದಲ್ಲಿ ಚಿತ್ರ ತೆಗೆದೆ. ನಾವು ಪದರ ಪದರವಾಗಿ ತೆಗೆದಾಗ ಚೀಲ ಬಾಯಿ ತೆರೆದೇ ಕಾಯುತ್ತಿತ್ತು. ಬೇರ್ಪಡಿಕೆ ಮುಗಿದ ಮೇಲೆಯೇ ಮುಚ್ಚಿತು, ಅದೂ ಮಾಮೂಲಿಗಿಂತ ತಡವಾಗಿ. ತಡ! ಅದೇ ನಿನ್ನ ನಿಜವಾದ ಶೋಧ. ಆ ಪ್ರೋಟೀನು ಬಾಯಿ ಮುಚ್ಚಿಸುವುದಕ್ಕೇ ಬೇಕು. ಅದಿಲ್ಲದೆ ಹೋದರೆ ಹಗ್ಗ ಬಿಡುವ ಕೈಯೇ ಸೋಮಾರಿಯಾಗುತ್ತದೆ.

ಸೋಮವಾರ ಲೇಖನ ಕಳಿಸುತ್ತೀಯಂತೆ. ನಿಲ್ಲಿಸು. ಹೀಗೇ ಅಚ್ಚಾದರೆ, ಮುಂದೆ ಆ ತಿರುಪು ತಿರುಗಿಸಿದವರೆಲ್ಲ ನಿನ್ನನ್ನು ನೋಡಿ ನಗುತ್ತಾರೆ. ನಮ್ಮ ಚಿತ್ರಗಳು ಈ ಪೊಟ್ಟಣದಲ್ಲಿವೆ. ಕೊರಿಯರ್‌ನವನು ನಾಳೆ ತಲುಪಿಸುತ್ತಾನೆ. ನೀನೇ ಮತ್ತೆ ತೆಗೆದು, ನೀನೇ ಬರೆ. ಗಿಳಿಗೊಂದು ಥ್ಯಾಂಕ್ಸ್ ಹೇಳಿದರೆ ಸಾಕು.

“ಫೋನ್ ಮಾಡಿ ಹೇಳ್ಬಾರ್ದೇನೇ?” ಎಂದರು ನಿನ್ನಪ್ಪ, ಬೆಳಿಗ್ಗೆ ಮನೆಯಲ್ಲಿ.

“ನಾನು ಕೂಗ್ತೀನಿ, ಅವಳು ಇಟ್ಬಿಡ್ತಾಳೆ, ಲೇಖನ ಹೋಗುತ್ತೆ.”

“ಅದೂ ಸರಿನೇ” ಎಂದು ಮಂಡಿಗೆ ಎಣ್ಣೆ ಹಚ್ಚಿಕೊಂಡರು.

ಗೆದ್ದು ಬಾ, ಮಗಳೇ. ನಿನ್ನ ಕಣ್ಣು ಚುರುಕಾಗಿರಲಿ, ಹೊಟ್ಟೆ ತುಂಬಿರಲಿ. ಉಪವಾಸ ಯೀಸ್ಟಿಗಷ್ಟೇ ಇರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಸಭೆಯ ಊಟದ ಸಾಲಿನಲ್ಲಿ ಯಾರೋ ನಿನ್ನನ್ನು ಕೇಳಿದರು, “ಆ ಜೋರು ಮೇಡಂ ನಿಮಗೇನಾಗ್ಬೇಕು?” ನೀನು “ಪರಿಚಯ ಇದೆ” ಎಂದೆ. ನಾನು ಕಂಬದ ಈಚೆ ಎರಡು ತಟ್ಟೆ ಹಿಡಿದು ನಿಂತಿದ್ದೆ, ಒಂದು ನಿನಗೆ. ಅಂದಿನಿಂದ ಕೇಳಬೇಕೆಂದಿದ್ದೇನೆ. ಎಷ್ಟು ಪರಿಚಯ?