ಗಂಟೆಗೋಪುರದ ಬಲೆ ಕತ್ತರಿಸಿದವಳು ನಾನೇ

ಊರಿನ ನೈರ್ಮಲ್ಯ ಕಾಯುವ ಮಾನ್ಯ ಅಧಿಕಾರಿಗಳೇ,

ನಮ್ಮ ಚರ್ಚಿನ ಗಂಟೆಗೋಪುರಕ್ಕೆ ಹಕ್ಕಿ ನುಗ್ಗದಂತೆ ನೀವು ಹಾಕಿಸಿದ ಬಲೆಯನ್ನು ಕತ್ತರಿಸಿದವರು ಪಾದ್ರಿಗಳಲ್ಲ, ನಾನು. ಆ ವಯಸ್ಸಾದ ಜೀವವನ್ನು ಕಚೇರಿಗೆ ಕರೆಸಿ, ಬೆಂಚಿನ ಮೇಲೆ ಕಾಯಿಸಿ, ಸರ್ಕಾರಿ ಸ್ವತ್ತು ಹಾಳುಮಾಡಿದ ಕೇಸು ಹಾಕುತ್ತೇನೆಂದು ಹೆದರಿಸಿದಿರಂತೆ. ಕತ್ತರಿಸಿದ್ದು ಯಾರೆಂದು ಗೊತ್ತಿದ್ದೂ ಅವರು ಬಾಯಿ ಬಿಡಲಿಲ್ಲ. ನಾನು ಬಿಡುತ್ತಿದ್ದೇನೆ, ಊರೆಲ್ಲ ಕೇಳಲಿ.

ತಮ್ಮ ನೋಟಿಸಿನ ಪ್ರಕಾರ ನಮ್ಮದು ‘ಪಾಳುಬಿದ್ದ ಕಟ್ಟಡ’. ಸಮಾಧಿಗಳಿರುವ ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿದೆ, ಗಂಟೆ ಬಾರಿಸುವುದಿಲ್ಲ, ಅದಕ್ಕೇ. ಆಹಾ, ಎಂಥ ಸೂಕ್ಷ್ಮದೃಷ್ಟಿ! ಒಳಗೆ ಕಾಲಿಟ್ಟು ಒಬ್ಬರನ್ನು ವಿಚಾರಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹುಲ್ಲು ಬಿಟ್ಟದ್ದು ಚಿಟ್ಟೆಗಳಿಗೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ. ಗಂಟೆ ನಿಲ್ಲಿಸಿದ್ದು ಅದರ ಪಕ್ಕದಲ್ಲೇ ಗೂಬೆ ಮರಿ ಮಾಡಿದ್ದಕ್ಕೆ. ಸಭೆಯವರೆಲ್ಲ ಕೂತು, ಜಗಳವಾಡಿ ಮಾಡಿದ ತೀರ್ಮಾನವಿದು. ಜಗಳಕ್ಕೆ ಮೊದಲು ನಿಂತವಳೂ ನಾನೇ.

“ನಮ್ಮಮ್ಮನ ಸಮಾಧಿ ಮೇಲೆ ಕಳೆ ಬೆಳೆಸ್ತೀರಾ, ಫಾದರ್?” ಎಂದು ಕೂಗಾಡಿದ್ದೆ.

“ನಿಮ್ಮಮ್ಮ ಇದ್ದಾಗ ಕಿಟಕಿ ಮೇಲೆ ಗುಬ್ಬಿಗೆ ಕಾಳು ಇಡ್ತಿದ್ರಲ್ಲಮ್ಮಾ. ಈಗ ಅವರನ್ನ ಹುಡುಕ್ಕೊಂಡು ಬರೋ ನೆಂಟರನ್ನ ನಾವ್ಯಾಕೆ ಓಡಿಸೋಣ?” ಅಂದರು ಪಾದ್ರಿಗಳು. ಹುಲ್ಲು ಬಿಡೋಣ ಎಂದು ಮೊದಲು ಕೈ ಎತ್ತಿದವಳೂ ನಾನೇ.

ಅಂದಿನಿಂದ ಪಾದ್ರಿಗಳ ತಂಗಿಯೇ ಕೈಗಂಟೆ ಆಡಿಸುತ್ತಾ ಬೀದಿ ಸುತ್ತಿ ನಮ್ಮನ್ನು ಪೂಜೆಗೆ ಕರೆಯುತ್ತಾರೆ. ಮೊದಲ ಭಾನುವಾರ ಕಸದ ಗಾಡಿ ಬಂತೆಂದು ಜನ ಬಕೆಟ್ ಹಿಡಿದು ಓಡಿಬಂದರು. ನಿಮ್ಮ ಗಾಡಿಯ ಮುಖ ನೋಡಿ ಎಷ್ಟು ದಿನವಾಗಿತ್ತೋ, ಪಾಪ. ನೈರ್ಮಲ್ಯಕ್ಕೆ ಅಡ್ಡಿಯಾಗಿದ್ದು ಮಾತ್ರ ನಮ್ಮ ಗೂಬೆ!

ಬಲೆ ಬಿಗಿದ ಸಂಜೆ ತಾಯಿಗೂಬೆ ಇಲಿ ಕಚ್ಚಿಕೊಂಡು ಬಂದು ಬಲೆಗೆ ಬಡಿಯುತ್ತಿತ್ತು, ಹಿಂದೆ ಸರಿದು ಮತ್ತೆ ಬಡಿಯುತ್ತಿತ್ತು. ಒಳಗೆ ಮರಿಗಳ ಅರಚಾಟ. ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ಇವತ್ತು ಶನಿವಾರ ಮೇಡಂ, ಸೋಮವಾರ ಬಂದು ಅರ್ಜಿ ಕೊಡಿ” ಎಂಬ ಉತ್ತರ ಬಂತು. ಸೋಮವಾರದವರೆಗೆ ಹಸಿದಿರಿ ಎಂದು ಆ ಮರಿಗಳಿಗೆ ಯಾವ ಭಾಷೆಯಲ್ಲಿ ಹೇಳಲಿ, ಸ್ವಾಮಿ?

ನಾನು ದರ್ಜಿ. ನನ್ನ ದೊಡ್ಡ ಕತ್ತರಿ ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಿದ್ದಿಲ್ಲ. ಒಮ್ಮೆ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ಮಗಳ ಜನ್ಮ ಜಾಲಾಡಿದ್ದೆ. ಅದೇ ಕತ್ತರಿ ಹಿಡಿದು ಗೋಪುರದ ಮೆಟ್ಟಿಲು ಹತ್ತಿದೆ.

“ಬೇಡ ಕಣೇ, ಕೇಸಾಗತ್ತೆ,” ಕೆಳಗಿನಿಂದ ಪಾದ್ರಿಗಳ ತಂಗಿ ಕೂಗಿದರು.

“ಆಗ್ಲಿ ಬಿಡಿ ಅಕ್ಕಾ!”

ಬಲೆ ಬಿಟ್ಟುಕೊಂಡಿತು. ನಾನಿನ್ನೂ ಮೆಟ್ಟಿಲ ಮೇಲಿದ್ದಾಗಲೇ ತಾಯಿ ಒಳಗೆ ಹಾರಿತು, ಅರಚಾಟ ನಿಂತಿತು. ಕತ್ತರಿಯ ಬಾಯಿ ಹೋಯಿತು, ಹೋಗಲಿ.

ಆದ್ದರಿಂದ ಪಾದ್ರಿಗಳ ಮೇಲಿನ ನೋಟಿಸನ್ನು ಹಿಂಪಡೆಯಿರಿ. ಗೂಬೆ ಕೂರಿಸಲೇಬೇಕೆಂದಿದ್ದರೆ ನನ್ನ ಮೇಲೆ ಕೂರಿಸಿ. ಮರಿಗಳು ಹಾರಿಹೋಗುವ ತನಕ ಗೋಪುರದ ತಂಟೆಗೆ ಬರಬೇಡಿ, ಹುಲ್ಲಿನ ತಂಟೆಗೆ ಎಂದೂ ಬರಬೇಡಿ. ಇಲ್ಲ, ಹೊಸ ಬಲೆ ತಂದೇ ತರುತ್ತೇವೆ ಎನ್ನುತ್ತೀರಾ? ತನ್ನಿ. ಕತ್ತರಿಗೆ ಸಾಣೆ ಹಿಡಿಸಿಟ್ಟಿದ್ದೇನೆ.

ಇಂತಿ,
ಹೊಲಿಗೆ ಬಾಕಿ ಬಿಟ್ಟು ಪತ್ರ ಬರೆಯುತ್ತ ಕೂತು ಗಿರಾಕಿಗಳಿಂದಲೂ ಬೈಸಿಕೊಳ್ಳುತ್ತಿರುವ,
ಚರ್ಚಿನ ಹಿಂಬೀದಿಯ ದರ್ಜಿ