ನಗುವ ತೋಳಗಳು

ಡಿಸೆಂಬರ್ ೧೫, ಭಾನುವಾರ

‘ತೋಳದ ಕಣ್ಣಲ್ಲಿ ಚಂದಿರನೂ ಹಸಿದಿದ್ದ.’ ಎಲ್ಲಿ ಓದಿದ್ದೆ? ಹಸಿವು ಚಂದಿರನದ್ದೇಕೆ?

ನಾನು ಭಾನುವಾರಗಳಲ್ಲಿ ಗೈಡ್ ಆಗಿದ್ದ, ಘೋಡಬಂದರ್ ರಸ್ತೆಯ ಪಾರ್ಕಿನ ‘ತೋಳದ ಹಾದಿ’ಯಲ್ಲಂತೂ ಹಸಿವೇ ಇಲ್ಲ. ಫೈಬರ್ ತೋಳಗಳು ಹಲ್ಲುಜ್ಜಿ ಬಂದಂತೆ ನಗುತ್ತವೆ. ಅಪ್ಪಂದಿರು ಅವುಗಳ ಹೆಗಲಿಗೆ ಕೈಹಾಕಿ ಸೆಲ್ಫಿ ತೆಗೆಯುತ್ತಾರೆ.

ಮರಿಗಳಿಗೆ ಊಟ ಯಾರು ಕೊಡುತ್ತಾರೆಂದು ಇವತ್ತು ನನ್ನ ಜೊತೆ ಅಲ್ಲಿಗೆ ಬಂದಿದ್ದ ಪಕ್ಕದ ಮನೆಯ ಪುಟ್ಟ ನಿಕಿತಾ ಕೇಳಿದಳು. ತಾಯಿ ತೋಳ ಆಡನ್ನು ತಿಂದು ಬಂದು ಅವುಗಳ ಮುಂದೆ ಕಕ್ಕುತ್ತದೆ ಎಂದೆ. “ಮೇಡಮ್, ಫ್ಯಾಮಿಲಿ ಪಬ್ಲಿಕ್ ಹೈ,” ಎಂದ ಮ್ಯಾನೇಜರ್, ಇನ್ನು ಕೆಲಸಕ್ಕೆ ಬರುವುದು ಬೇಡ ಎಂದ. ಹೊಟ್ಟೆಯೊಳಗಿನದನ್ನು ಮರಿಗೆ ಕೊಡುವುದು ಇವರಿಗೆ ಹೇಸಿಗೆ. ದಾರಿಯುದ್ದಕ್ಕೂ ಚೆಲ್ಲಿದ ಪಾಪ್‌ಕಾರ್ನ್ ಅಲ್ಲ. ವಾರವಿಡೀ ನಾನು ಕಾಯುತ್ತಿದ್ದದ್ದು ಈ ಗೈಡ್ ಕೆಲಸಕ್ಕೊಂದೇ.

ಈಗಷ್ಟೇ ನಿಕಿತಾಳ ಅಮ್ಮ ಜಯಲತಾ ಬಾಗಿಲಲ್ಲಿ ನಿಂತು ಹೇಳಿದಳು: “ಅಕ್ಕಾ, ಇವಳು ತಮ್ಮನ ಬಟ್ಟಲಿಗೆ ಕಕ್ಕಲಿಕ್ಕೆ ನೋಡ್ತಾ ಇದ್ದಾಳೆ. ಸ್ವಲ್ಪ ಬಂದು ಹೇಳಿ, ನಾವು ತೋಳ ಅಲ್ಲ ಅಂತ.”